ಕಪ್ತಾನನ ಹೆಂಡತಿ ಬಾಗಿಲು ಹಾಕಿದಳು

ಮುಖ ಕೆಂಪಾಗಿಬಿಟ್ಟರೆ ಏನು ಮಾಡುವುದು? ಗ್ರಂಥಾಲಯದ ಮೆಟ್ಟಿಲು ಹತ್ತುವಾಗ ಅವಳಿಗಿದ್ದ ಚಿಂತೆ ಅದೊಂದೇ. ಸುಳ್ಳು ಹೇಳುವುದು ಕಷ್ಟವಲ್ಲ, ಬಾಯಿ ಮುಚ್ಚಿಕೊಂಡಿದ್ದರೆ ಆಯಿತು. ಆದರೆ ಕಿವಿಗಳು ಅವಳ ಮಾತು ಕೇಳುವುದಿಲ್ಲ. ಯಾರಾದರೂ ನೆಟ್ಟ ನೋಟದಿಂದ ನೋಡಿದರೆ ಸಾಕು, ಕಿವಿಯ ತುದಿಯಿಂದ ಕತ್ತಿನವರೆಗೆ ಎಲ್ಲ ಬಯಲು.

ಅಪ್ಪ ಹಿಂದೆಯೇ ಬರುತ್ತಿದ್ದರು. ಈಚೆಗೆ ಅವಳು ಎಲ್ಲಿಗೆ ಹೊರಟರೂ ಅಪ್ಪ ಜೊತೆಗಿರಲೇಬೇಕು. ಪದವಿ ಮುಗಿಸಿಯೂ ಅವಳು ಕೆಲಸಕ್ಕೆ ಸೇರದಿದ್ದುದಕ್ಕೆ ಅದೇ ಕಾರಣ. ಬೆಳೆದ ಮಗಳ ಮೇಲೆ ಇದೆಂಥ ಕಾವಲು ಎಂದು ನೆಂಟರು ಆಡಿಕೊಳ್ಳುತ್ತಿದ್ದರು. ಅವಳು ತಿದ್ದಲು ಹೋಗಿರಲಿಲ್ಲ.

ಮೇಲಿನ ಕೋಣೆಯಲ್ಲಿ ಓದುಗರ ಕೂಟ ಆಗಲೇ ಎರಡು ಪಾಲಾಗಿತ್ತು. ಅಲ್ಲಿಯ ಪದ್ಧತಿಯೇ ಹಾಗೆ. ಪುಸ್ತಕ ಮೆಚ್ಚಿದವರು ಕಿಟಕಿಯ ಕಡೆ, ಮೆಚ್ಚದವರು ಬಾಗಿಲ ಕಡೆ. ಮನಸ್ಸು ಬದಲಾದರೆ ಕುರ್ಚಿ ಎತ್ತಿಕೊಂಡು ಆಚೆ ಹೋಗಬೇಕು. ನಡುವೆ ಯಾರೂ ಕೂರುವಂತಿಲ್ಲ. ಅಪ್ಪ ಸೀದಾ ಹೋಗಿ ಬಾಗಿಲ ಕಡೆ ಕೂತರು. ಅವಳು ಕಿಟಕಿಯ ಕಡೆ, ಕೊನೆಯ ಕುರ್ಚಿಯಲ್ಲಿ.

ಇವತ್ತಿನ ಪುಸ್ತಕ ದಪ್ಪನೆಯ ಒಂದು ವೈಜ್ಞಾನಿಕ ಕಾದಂಬರಿ. ಭೂಮಿ ಬಿಟ್ಟು ಹೊರಟ ಹಡಗು, ಅದರೊಳಗೇ ಹುಟ್ಟಿ ಸಾಯುವ ತಲೆಮಾರುಗಳು. ಬರೆದವರದು ಗುಪ್ತನಾಮ. ಆ ಹೆಸರಿನ ಹಿಂದೆ ಯಾರಿದ್ದಾರೆಂದು ಕೋಣೆಯಲ್ಲಿ ಅವಳೊಬ್ಬಳಿಗೇ ಗೊತ್ತಿತ್ತು. ಅದರ ಒಂದೊಂದು ವಾಕ್ಯವೂ ಅವಳ ಬೆರಳ ತುದಿಯಿಂದ ಹಾದುಹೋಗಿತ್ತು. ಪ್ರಕಾಶಕರಿಗೆ ಕಳಿಸಿದವಳೂ ಅವಳೇ. ಅಪ್ಪನ ಎದುರಿಗೆ ಈ ಗುಟ್ಟು ಹೊರಬೀಳಬಾರದು. ಅಷ್ಟಾದರೆ ಸಾಕಿತ್ತು.

ಪ್ರಕಾಶಕರು ನಡುವೆ ನಿಂತಿದ್ದರು. "ಎರಡನೇ ಭಾಗ ತರಬೇಕೋ ಬೇಡವೋ, ಇವತ್ತು ತೀರ್ಮಾನ ಆಗ್ಬೇಕು. ಬರೆದವರು ಎದ್ದು ನಿಂತು ನಿಮಗೆ ಉತ್ತರ ಕೊಟ್ರೆ ತರ್ತೀನಿ. ಇಲ್ಲಾಂದ್ರೆ ಬಿಟ್ಟೆ. ಅವರು ಇಲ್ಲೇ ಎಲ್ಲೋ ಕೂತಿದ್ದಾರೆ ಅಂತ ನನಗೆ ಗುಮಾನಿ." ಅವರ ಕಣ್ಣು ಅವಳ ಮೇಲೆ ಅರೆಗಳಿಗೆ ನಿಂತು ಮುಂದೆ ಹೋಯಿತು.

ಕಿವಿ ಬೆಚ್ಚಗಾಯಿತು.

ಜಗಳ ಹತ್ತಿಕೊಂಡದ್ದು ಕಪ್ತಾನನ ಹೆಂಡತಿಯ ವಿಷಯಕ್ಕೆ. ಕಾದಂಬರಿಯ ನಡುವೆ ಅವಳು ಸಾಯುತ್ತಾಳೆ. ಮೂರು ಅಧ್ಯಾಯ ಕಳೆದು, ಏನೂ ಆಗದವಳಂತೆ ಎದ್ದು ಬಂದು ಕೋಣೆಯ ಬಾಗಿಲು ಹಾಕುತ್ತಾಳೆ. ಯಾಕೆ, ಹೇಗೆ, ಒಂದು ಸಾಲೂ ಇಲ್ಲ.

"ಪುಸ್ತಕದ ಜೀವ ಇರೋದೇ ಅಲ್ಲಿ," ಎಂದರು ಕಿಟಕಿಯ ಕಡೆಯ ಹಲ್ಲಿನ ಡಾಕ್ಟರು. "ಅಂಥ ವೇಗದಲ್ಲಿ ಕಾಲವೇ ಮಡಚಿಕೊಂಡಿದೆ. ಹಿಂದಿನದು ಮುಂದೆ ಬಂದಿದೆ. ಓದಿ ನನಗೆ ನಿದ್ದೆ ಬರಲಿಲ್ಲ."

"ನಿಮ್ಮ ಕೈಗೆ ಸಿಕ್ಕಿದ ರೋಗಿಗಳಿಗೂ ಬರಲ್ಲ ಬಿಡಿ," ಎಂದರು ಬಾಗಿಲ ಕಡೆಯಿಂದ ಭೌತಶಾಸ್ತ್ರದ ಮೇಡಂ. "ಕಾಲನೂ ಇಲ್ಲ, ಮಡಚಿದ್ದೂ ಇಲ್ಲ. ಮೊದಲ ನೂರು ಪುಟ ಚಿನ್ನ, ಒಪ್ತೀನಿ. ಅಂಥ ಹಡಗನ್ನ ಯಾರೂ ಕಟ್ಟಿರಲಿಲ್ಲ. ಆಮೇಲೆ? ನೀರಿನ ಕೊಳವೆ ಒಡೆಯೋ ಪ್ರಸಂಗ ಎರಡು ಸಲ ಬರುತ್ತೆ, ಅವೇ ಮಾತುಗಳಲ್ಲಿ!"

"ಅದು ಲಯ, ಮೇಡಂ."

"ಅದು ಸೋಮಾರಿತನ, ಡಾಕ್ಟ್ರೇ."

ಅಪ್ಪ ಪುಸ್ತಕವನ್ನು ತಿರುಗಿಸಿ ಮುಖಪುಟ ನೋಡಿದರು. "ಯಾರಮ್ಮಾ ಇದನ್ನ ಬರೆದದ್ದು?" ಬೆಳಗಿನಿಂದ ಅದೇ ಪ್ರಶ್ನೆ, ಅದೇ ಅಸಹನೆ. "ಸತ್ತವಳನ್ನ ಎಬ್ಬಿಸಿ ಬಾಗಿಲು ಹಾಕಿಸ್ತಾನಲ್ಲ, ಇವನಿಗೆ ತಲೆ ನೆಟ್ಟಗಿದ್ಯಾ?"

ಬಾಗಿಲ ಕಡೆಯವರು ಗೊಳ್ಳೆಂದರು.

ಅವಳಿಗೆ ನೋವಾಗಬೇಕಿತ್ತು. ಆಗಲಿಲ್ಲ. ಬಹಳ ಹೊತ್ತು ಮಡಚಿ ಕೂತ ಕಾಲಿನ ಹಾಗೆ ಒಳಗೆಲ್ಲ ಜೋಮು ಹಿಡಿದಿತ್ತು. ಚುಚ್ಚಿದ್ದು ತಿಳಿಯುತ್ತಿತ್ತು, ಉರಿ ತಲುಪುತ್ತಿರಲಿಲ್ಲ. ಆ ತಪ್ಪು ಟೈಪು ಮಾಡುವಾಗಲೇ ಕಣ್ಣಿಗೆ ಬಿದ್ದಿತ್ತು. ತೆಗೆಯಲು ಕೈ ಬಂದಿರಲಿಲ್ಲ.

"ಆದ್ರೂ ಬುದ್ಧಿವಂತ," ಅಪ್ಪ ಮುಂದುವರಿಸಿದರು. "ಆ ಹೆಂಗಸನ್ನ ಮಾತ್ರ ಸಾಯಿಸಬಾರದಿತ್ತು. ಕೊನೆಗೆ ಹಡಗನ್ನ ಇಳಿಸೋಳು ಅವಳೇ ತಾನೇ?"

"ಕೊನೆ ಇನ್ನೂ ಅಚ್ಚೇ ಆಗಿಲ್ಲ ಸಾರ್," ಡಾಕ್ಟರು ನಕ್ಕರು. "ಅಷ್ಟೆಲ್ಲ ಗೊತ್ತಿದ್ರೆ ನೀವೇ ಬರೀಬಹುದಿತ್ತು."

"ಬರೀಬಹುದಿತ್ತು. ಪುರುಸೊತ್ತಾಗ್ಲಿಲ್ಲ."

ಎರಡೂ ಕಡೆಯವರು ಒಟ್ಟಿಗೆ ನಕ್ಕದ್ದು ಅದೇ ಮೊದಲು. ಅಪ್ಪನೂ ನಕ್ಕರು. ಅವಳನ್ನು ಬಿಟ್ಟರೆ ನಗದೆ ಉಳಿದವರು ಪ್ರಕಾಶಕರೊಬ್ಬರೇ. ಅವರು ನೇರ ಅವಳ ಕುರ್ಚಿಯ ಬಳಿ ಬಂದರು.

"ಸಾಕು ಮಾಡು ತಂಗಿ. ನನಗೆ ಬರೋ ಈಮೇಲ್ ನಿನ್ನದು, ಫೋನ್ ಎತ್ತೋಳು ನೀನು. ಇನ್ನೂ ಎಷ್ಟು ದಿನ ಅಂತ ಮುಚ್ಚಿಡ್ತೀಯ? ಅಪ್ಪನ ಭಯಾನಾ?"

ಎಲ್ಲರೂ ತಿರುಗಿದರು. ಕೆಂಪು ಕತ್ತಿನವರೆಗೆ ಇಳಿಯಿತು.

"ಅಯ್ಯೋ, ನೀವಾ!" ಎಂದರು ಡಾಕ್ಟರು.

"ಬೈದದ್ದನ್ನ ವಾಪಸ್ ತಗೊಳ್ಳಲ್ಲ," ಎಂದರು ಮೇಡಂ. ದನಿ ಮೆತ್ತಗಾಗಿತ್ತು. "ಆದ್ರೆ ಆ ನೂರು ಪುಟಕ್ಕೆ ಕೈ ಮುಗೀತೀನಿ ಕಣಮ್ಮ."

ಅಪ್ಪ ಮೆಲ್ಲಗೆ ಎದ್ದು ನಿಂತಿದ್ದರು. ಪುಸ್ತಕವನ್ನು ನೋಡಿದರು, ಮಗಳನ್ನು ನೋಡಿದರು. ಮುಖದ ಗಂಟು ಒಂದೊಂದಾಗಿ ಸಡಿಲಿತು.

"ನೀನಾ? ನನ್ನ ಮಗಳಾ ಇದನ್ನೆಲ್ಲ ಯೋಚನೆ ಮಾಡಿದ್ದು? ನನಗೊಂದು ಮಾತು ಹೇಳಬಾರದಿತ್ತೇನೇ?" ಅವರ ಕಣ್ಣು ತುಂಬಿತ್ತು. ಅಂಥ ಹೆಮ್ಮೆಯನ್ನು ಅವಳು ಆ ಮುಖದಲ್ಲಿ ನೋಡಿ ಬಹಳ ಕಾಲವಾಗಿತ್ತು.

ತಲೆಯಾಡಿಸಿದರೆ ಸಾಕು. ಎರಡನೇ ಭಾಗಕ್ಕೆ ದಾರಿಯಾಗುತ್ತದೆ. ಮನೆ ತಲುಪುವವರೆಗಾದರೂ ಅಪ್ಪ ಹೀಗೇ ಇರುತ್ತಾರೆ. ಯಾರೂ ಏನನ್ನೂ ಕೇಳುವುದಿಲ್ಲ.

ಅವಳು ಎದ್ದಳು. ಜೋಮು ಬಿಡುವಾಗಿನ ಮುಳ್ಳು ಮೈತುಂಬ ಓಡಿತು.

"ನಾನಲ್ಲ ಅಪ್ಪಾ. ನಾನು ಬರೀ ಟೈಪ್ ಮಾಡಿದೆ. ಇದನ್ನ ಬರೆದದ್ದು ನೀವು, ನಿಮಗೆ ನೆನಪಿಲ್ಲ."