ಮೂಗಿದ್ದವಳು

ಆ ಜ್ವರ ಬಂದುಹೋದ ಮೇಲೆ ಗದುಗಿನಲ್ಲಿ ನೂರಕ್ಕೊಬ್ಬರಿಗೂ ವಾಸನೆ ತಿಳಿಯುತ್ತಿರಲಿಲ್ಲ. ಮನೆ ಸ್ವಚ್ಛ ಮಾಡುವ ಕೆಲಸ ಮೂಗು ಉಳಿದವರಿಗೇ ಸಿಗುತ್ತಿತ್ತು. ನೀಲವ್ವನಿಗೆ ಮೂಗು ಉಳಿದಿರಲಿಲ್ಲ. ಆದರೆ ಮನೆಯಲ್ಲಿ ಎರಡು ದಿನದಿಂದ ಒಲೆ ಹತ್ತಿರಲಿಲ್ಲ. ‘ಮೂಸಿ ಸ್ವಚ್ಛ ಮಾಡಿಕೊಡಲಾಗುವುದು’ ಎಂದು ರಟ್ಟಿನ ಮೇಲೆ ಬರೆದುಕೊಂಡು, ಪೊರಕೆ ಹಿಡಿದು ಹೊರಟಳು. ಐದು ಮನೆಯವರು ಪರೀಕ್ಷಿಸಿ ವಾಪಸು ಕಳಿಸಿದರು.

ಆರನೆಯದು ಬಾಣಂತಿ ಅಶ್ವಿನಿಯ ಮನೆ.

"ಇಲಿಗೆ ಮದ್ದಿಟ್ಟಿದ್ದೆ. ಎಲ್ಲೋ ಸತ್ತೈತಿ, ಹುಡುಕ್ರಿ ನೋಡೋಣು."

ನೀಲವ್ವ ಮೂಸುವಂತೆ ನಟಿಸುತ್ತ ನೊಣಗಳ ಹಿಂದೆ ಹೋದಳು. ಟ್ರಂಕಿನ ಸಂದಿಯಲ್ಲಿ ಇಲಿ ಸಿಕ್ಕಿತು.

ಅಶ್ವಿನಿ ಒಳಗಿನಿಂದ ಕೂಸನ್ನು ತಂದು ಅವಳ ಕೈಗಿಟ್ಟಳು. "ಅಕ್ಕಾ, ಇವನ ನೆತ್ತಿ ಎಂಥಾ ವಾಸನಿ ಬರತೈತಿ ಹೇಳ್ರಿ. ನನಗ ಒಮ್ಮೆನೂ ಗೊತ್ತಾಗಿಲ್ಲ."

ನೀಲವ್ವ ನೆತ್ತಿಗೆ ಮೂಗು ಹಚ್ಚಿದಳು. ಏನೂ ತಿಳಿಯಲಿಲ್ಲ. ಜ್ವರದ ನಂತರ ಹುಟ್ಟಿದ ತನ್ನ ಮಗಳ ನೆತ್ತಿಯಲ್ಲೂ ಅವಳಿಗೆ ಏನೂ ತಿಳಿದಿರಲಿಲ್ಲ.

"ಈಗ ಕಾಸಿದ ತುಪ್ಪದಂಗ ಐತವಾ," ಎಂದಳು.

"ಇನ್ನೊಮ್ಮೆ ಹೇಳ್ರಿ," ಎಂದ ಅಶ್ವಿನಿಯ ಕಣ್ಣು ತುಂಬಿದ್ದವು.

ಕೆಲಸ ಸಿಕ್ಕಿತು. ಕಸ ಗುಡಿಸುವ ಮೊದಲು ದಿನವೂ ಆ ಕೂಸನ್ನು ಮೂಸಿ, ದಿನವೂ ಸುಳ್ಳು ಹೇಳಬೇಕಾಯಿತು.