ಕುರ್ಚಿಯಲ್ಲಿ ಅಣ್ಣ

"ಇವತ್ತು ಬ್ಲೇಡ್ ಹಾಕಿಯೇ ನೋಡೋಣ," ಎಂದರು ಫಿಸಿಯೋಥೆರಪಿ ಮೇಡಂ. "ಆದ್ರೆ ಕೆನ್ನೆ ಮಾತ್ರ. ಕತ್ತಿನ ತಂಟೆಗೆ ಹೋಗೋ ಹಾಗಿಲ್ಲ."

ತಿಂಗಳುಗಟ್ಟಲೆ ಮುಚ್ಚಿದ್ದ ಸಲೂನಿನ ಶಟರ್ ಅಂದು ಬೆಳಿಗ್ಗೆ ಮೇಲೆದ್ದಿತ್ತು. ಸಲೂನಿಟ್ಟುಕೊಂಡಿದ್ದ ತಮ್ಮ, ಕನ್ನಡಿಗಳ ಧೂಳು ಒರೆಸಿ, ಬ್ರಶ್ಶನ್ನು ಬಿಸಿನೀರಿನಲ್ಲಿ ಅದ್ದಿಟ್ಟು, ಕುರ್ಚಿಯ ಬೆನ್ನು ಹಿಡಿದುಕೊಂಡು ನಿಂತಿದ್ದ. ಹಿಡಿಯದೆ ನಿಂತರೆ ನೆಲ ದಡ ಬಿಟ್ಟ ದೋಣಿಯಂತೆ ಮೆಲ್ಲಗೆ ಹೊರಟುಬಿಡುತ್ತಿತ್ತು. ಕಾರಿಗೆ ಲಾರಿ ಬಂದು ಬಡಿದ ದಿನ ಅವನ ಮೈಮೇಲೆ ಒಂದು ಗೀರೂ ಬಿದ್ದಿರಲಿಲ್ಲ. ನೋಡಿದವರೆಲ್ಲ ಪುಣ್ಯವಂತ ಅಂದರು. ಮಿದುಳು ಒಳಗೇ ಅಲುಗಾಡಿಹೋಗಿದೆ ಎಂದು ಡಾಕ್ಟರು ಹೇಳಿದ್ದು ಆಮೇಲೆ. ಅಂದಿನಿಂದ ಅವನು ತಲೆ ತಿರುಗಿಸಿದರೆ ಗೋಡೆಗಳು ಒಂದು ಗಳಿಗೆ ತಡವಾಗಿ ಹಿಂದೆ ಬರುತ್ತಿದ್ದವು. ಜನರ ಮಾತು ನೀರಿನಡಿಯಿಂದ ಕೇಳಿಸುತ್ತಿತ್ತು.

ಗೋಡೆಯ ಮೇಲೆ ಅಂಟಿಸಿದ ಒಂದು ಅಕ್ಷರದಲ್ಲಿ ಕಣ್ಣು ನೆಟ್ಟು ತಲೆಯನ್ನು ಅತ್ತಿತ್ತ ಆಡಿಸುವುದನ್ನು ಮೇಡಂ ಕಲಿಸಿದ್ದರು. "ಮದುವೆ ಆದಾಗಿಂದ ಮೇಲೆ ಕೆಳಗೆ ಆಡಿಸಿಯೇ ಅಭ್ಯಾಸ ಮೇಡಂ, ಅಡ್ಡಡ್ಡ ಆಡಿಸೋದು ಈಗಲೇ ಕಲೀತಿರೋದು," ಎಂದು ಅವನು ಅವರನ್ನು ನಗಿಸಿದ್ದ. ಮೆತ್ತೆಯ ಮೇಲೆ ಕಣ್ಣು ಮುಚ್ಚಿ ನಿಂತ, ಹಿಮ್ಮಡಿಗೆ ಹೆಬ್ಬೆರಳು ತಾಗಿಸುತ್ತ ನಡೆದ. ಬ್ಲೇಡಿಲ್ಲದ ಕತ್ತಿಯಿಂದ ಎಷ್ಟು ಬಲೂನುಗಳಿಗೆ ಹಚ್ಚಿದ ನೊರೆ ತೆಗೆದನೋ! ಉಳಿದದ್ದು ಇದೊಂದೇ. ಕಣ್ಣು ಕೆನ್ನೆಯಿಂದ ಕನ್ನಡಿಗೆ ಹೋಗಿ ಬರುವಷ್ಟರಲ್ಲಿ ಕೈ ಜಾರಬಾರದು.

"ಯಾರು ಕೂರ್ತೀರಿ?" ಎಂದು ಮೇಡಂ ಕೇಳುವ ಮೊದಲೇ ಅಣ್ಣ ಕುರ್ಚಿಯಲ್ಲಿದ್ದ. ಅಂದು ಕಾರು ಓಡಿಸುತ್ತಿದ್ದವನು ಅವನೇ. ಡ್ರೈವಿಂಗ್ ಸ್ಕೂಲ್ ಇಟ್ಟುಕೊಂಡು ಅರ್ಧ ಊರಿಗೆ ಸ್ಟೀರಿಂಗ್ ಹಿಡಿಯಲು ಕಲಿಸಿದವನು, ಪಕ್ಕದಲ್ಲಿ ಕೂತ ತಮ್ಮನ ಯಾವುದೋ ಮಾತಿಗೆ ನಕ್ಕು ಅತ್ತ ತಿರುಗಿದ್ದ. ಅಷ್ಟೇ. ಆಮೇಲೆ ಕಾರಿನ ಬಾಗಿಲು ಮುಟ್ಟಿದವನಲ್ಲ. ತಮ್ಮನನ್ನು ಕೈ ಹಿಡಿದು ನಡೆಸಿಕೊಂಡೇ ಆಸ್ಪತ್ರೆಗೆ ಕರೆದೊಯ್ಯುತ್ತಿದ್ದ. ದಾರಿಯುದ್ದಕ್ಕೂ ಲೋಕದ ಮಾತೆಲ್ಲ ಆಡುತ್ತಿದ್ದ, ಆ ದಿನದ್ದೊಂದನ್ನು ಬಿಟ್ಟು.

"ಅಣ್ಣಾ, ನೀನು ಬೇಡ. ಬೇರೆ ಯಾರಾದ್ರೂ ಬರಲಿ."

"ಯಾಕೆ, ನನ್ನ ಮುಖಕ್ಕೇನಾಗಿದೆ?"

"ಕೈ ತಪ್ಪಿದ್ರೆ?"

"ತಪ್ಪಲಿ. ನನ್ನ ಕೈ ತಪ್ಪಲಿಲ್ವಾ?"

ಮೇಡಂ ಬೀದಿಯ ಕಡೆ ನೋಡಿದರು. ತಮ್ಮ ಅಣ್ಣನ ಕೊರಳಿಗೆ ಬಿಳಿ ಬಟ್ಟೆ ಸುತ್ತಿ ಗಂಟು ಹಾಕಿದ. "ಈಗ ಸುಮ್ನೆ ಕೂರು. ಮಾತಾಡಿದ್ರೆ ದವಡೆ ಅಲ್ಲಾಡುತ್ತೆ."

ನೊರೆ ಹಚ್ಚಿ ತಲೆಯೆತ್ತಿದ. ಎದುರುಬದುರು ಕನ್ನಡಿಗಳಲ್ಲಿ ಅಣ್ಣಂದಿರು ಸಾಲಾಗಿ ಕೂತಿದ್ದರು, ಒಬ್ಬೊಬ್ಬನ ಹಿಂದೆಯೂ ಒಬ್ಬೊಬ್ಬ ತಮ್ಮ. ದೂರ ಹೋದಂತೆಲ್ಲ ಚಿಕ್ಕವರಾಗುತ್ತ, ತುದಿಯ ಹಸಿರು ಬೆಳಕಿನಲ್ಲಿ ಇನ್ನೂ ಮೀಸೆ ಬಾರದ ಹುಡುಗರಂತೆ ಕಾಣುತ್ತಿದ್ದರು. ಕತ್ತಿ ಕಿವಿಯ ಬುಡದಿಂದ ಸರ್ರನೆ ಇಳಿಯಿತು. ಅವನು ಕನ್ನಡಿ ನೋಡಿದ್ದೇ ತಡ, ಇಡೀ ಸಾಲು ಎಡಕ್ಕೆ ತೇಲಲು ಶುರುವಾಯಿತು. ತಮ್ಮ, ಕತ್ತಿ ಎತ್ತಿ ಹಿಡಿದ. ಅಣ್ಣನ ದವಡೆಯ ಮೇಲೊಂದು ಮಚ್ಚೆಯಿತ್ತು. ಅದರಲ್ಲೇ ಕಣ್ಣು ನೆಟ್ಟು ಕಾದ. ತೇಲಿಹೋದವರು ಒಬ್ಬೊಬ್ಬರಾಗಿ ತಿರುಗಿ ಬಂದು ತಮ್ಮ ತಮ್ಮ ಕುರ್ಚಿಗಳಲ್ಲಿ ಕೂತರು. ಮತ್ತೆ ಕತ್ತಿ ಇಳಿಯಿತು. ಹೀಗೇ ಒಂದು ಕೆನ್ನೆ, ಇನ್ನೊಂದು ಕೆನ್ನೆ. ಒಂದು ಹನಿ ರಕ್ತವಿಲ್ಲ.

ಅಣ್ಣ ತಾನಾಗಿಯೇ ಗದ್ದ ಎತ್ತಿ ಕತ್ತು ಕೊಟ್ಟ. "ಇದನ್ನೂ ಮುಗಿಸಿಬಿಡು. ಹೆದರ್ಕೋಬೇಡ."

"ಹೆದರಿಕೆ ಅಲ್ಲ ಅಣ್ಣ. ನಿಂಗೆ ಶಿಕ್ಷೆ ಬೇಕಾದ್ರೆ ಬೇರೆ ಸಲೂನ್ ನೋಡ್ಕೋ. ಇಲ್ಲಿ ಬರೀ ಶೇವಿಂಗ್." ತಮ್ಮ, ಕತ್ತಿ ಮಡಿಸಿ ಪಕ್ಕಕ್ಕಿಟ್ಟ. ಬಿಸಿನೀರಿನ ಟವೆಲ್ ಹಿಂಡಿ ಅಣ್ಣನ ಮುಖದ ಮೇಲೆ ಹೊದಿಸಿದ. ಆಮೇಲೆ ಮೆಲ್ಲಗೆ ಕೇಳಿದ, "ಅವತ್ತು ನಾನೇನಂದೆ? ಎಷ್ಟು ತಲೆ ಕೆರೆದುಕೊಂಡ್ರೂ ನೆನಪಾಗ್ತಿಲ್ಲ. ನೀನು ಅಷ್ಟು ನಗೋ ಹಾಗೆ ಏನಿತ್ತು ಅದರಲ್ಲಿ?"



"ತುಂಬಾ ಚೆನ್ನಾಗಿತ್ತು ಕಣೋ," ಎಂದಿತು ಟವೆಲ್ಲಿನ ಕೆಳಗಿನಿಂದ ಒದ್ದೆ ದನಿ. "ಆಮೇಲೆ ಹೇಳ್ತೀನಿ. ಹೇಳಿದ್ರೆ ಈಗ್ಲೂ ನಗು ಬರುತ್ತೆ."

ಬಟ್ಟೆಯೊಳಗೆ ಅಣ್ಣನ ಭುಜಗಳು ಕುಲುಕಿದವು, ನಗುವೋ ಅಳುವೋ ತಿಳಿಯದ ಹಾಗೆ. ಬರಬರುತ್ತ ನಿಂತವು. ಕುರ್ಚಿಯ ಕೈಗಳನ್ನು ಬಿಗಿಯಾಗಿ ಹಿಡಿದಿದ್ದ ಬೆರಳುಗಳು ಒಂದೊಂದೇ ಸಡಿಲಾದವು. ತಲೆ ಪಕ್ಕಕ್ಕೆ ವಾಲಿತು. ತಮ್ಮ, ಎರಡೂ ಕೈಯಲ್ಲಿ ಅದನ್ನು ತಡೆದು ಹಿಡಿದ. ಮನುಷ್ಯನ ತಲೆ ಇಷ್ಟು ಭಾರವೆಂದು ಇಷ್ಟು ವರ್ಷದ ಕಸುಬಿನಲ್ಲಿ ಅವನಿಗೆ ಗೊತ್ತೇ ಇರಲಿಲ್ಲ. ಇವರಿಗೆ ಕಣ್ಣು ಹತ್ತಿದರೆ ಸಾಕು, ನಿದ್ದೆಯಲ್ಲೇ ಕಾಲು ಬ್ರೇಕ್ ತುಳಿದು ಎಬ್ಬಿಸಿ ಕೂರಿಸುತ್ತೆ ಎಂದು ಅತ್ತಿಗೆ ಹೇಳಿಕೊಂಡು ಅತ್ತಿದ್ದರು. ಈಗ ಆ ಕಾಲು ಅಲುಗಲಿಲ್ಲ.

ಮೇಡಂ ಹತ್ತಿರ ಬಂದು ಪಿಸುಗುಟ್ಟಿದರು, "ನೀವೂ ಸ್ವಲ್ಪ ಕೂತ್ಕೊಳ್ಳಿ. ಕೋಣೆ ಇನ್ನೂ ತೂಗ್ತಾ ಇದೆಯಾ?"

ತಮ್ಮ, ಕಣ್ಣು ಮುಚ್ಚಿ ನೋಡಿದ, ತೆರೆದು ನೋಡಿದ.

"ತೂಗ್ತಿದೆ. ತೂಗಲಿ ಬಿಡಿ ಮೇಡಂ," ಎಂದ. "ಅಣ್ಣ ಮಲಗಿದ್ದಾನೆ."