ಮಾಸ್ಟರು ಕೊಟ್ಟ ಮಾತು

ರಸ್ತೆಯಾಚೆಯ ಹೊಸ ಟೈಲರ್ ಅಂಗಡಿಯವರು ಕರೆದು, ಹೆಚ್ಚು ಸಂಬಳದ ಆಸೆ ತೋರಿಸಿದಾಗಿನಿಂದ ಕಟಿಂಗ್ ಮಾಸ್ಟರಿಗೆ ಬಟ್ಟೆಯ ಮೇಲೆ ಚಾಕ್‌ಪೀಸಿನ ಗೆರೆ ನೆಟ್ಟಗೆ ಬೀಳುತ್ತಿರಲಿಲ್ಲ. ಹಳೆಯ ಯಜಮಾನರನ್ನು ಬಿಡಲು ಮನಸ್ಸಿಲ್ಲ. ಅಷ್ಟೇ ಸಂಬಳ ನೀವೂ ಕೊಡಿ ಎನ್ನಲು ಬಾಯಿ ಬಾರದು.

"ಕೇಳಿದ್ರೆ ನಿಮ್ಮ ಗಂಟೇನು ಹೋಗತ್ತೆ?" ಎಂದು ಹೆಂಡತಿ ಬೆಳಿಗ್ಗೆ ಛೇಡಿಸಿ ಕಳಿಸಿದ್ದಳು.

ಮಧ್ಯಾಹ್ನ, ಕೊರಳಲ್ಲಿದ್ದ ಟೇಪನ್ನು ಅತ್ತಿತ್ತ ಎಳೆದಾಡುತ್ತ ಕೊನೆಗೂ ಕೇಳಿಯೇಬಿಟ್ಟರು.

ಯಜಮಾನರು ಕನ್ನಡಕವನ್ನು ಮೂಗಿನ ತುದಿಗೆ ಇಳಿಸಿದರು. "ಮೊದಲೇ ಕೇಳಿದ್ರೆ ಕೊಡ್ತಿದ್ನಲ್ಲಯ್ಯ! ನೀನು ಒಪ್ಪಿಕೊಂಡೆ ಅಂತ ಅವರು ನಿನ್ನೇನೇ ಫೋನ್ ಮಾಡಿದ್ರು. ನಾನು ಬೇರೆ ಮಾಸ್ಟರನ್ನ ಗೊತ್ತು ಮಾಡಿದ್ದೂ ಆಯ್ತು."

"ದೇವರಾಣೆಗೂ ಒಪ್ಪಿಲ್ಲಣ್ಣ! 'ಏನಂತೀರ ಮಾಸ್ಟ್ರೇ' ಅಂತ ಅವರು ಕೇಳಿದ್ದೇನೋ ನಿಜ. ನಿಮ್ಮನ್ನ ಕೇಳದೆ ನಾನೇನು ಹೇಳ್ಲಿ? ಟೀ ಲೋಟ ಕೆಳಗಿಟ್ಟು, ಕೈ ಮುಗಿದು ಎದ್ದು ಬಂದೆ."

"ಒಂದು ಮಾತೂ ಆಡದೆ?"

"ಹಾಗೆ ಸುಮ್ನೆ ಎದ್ದು ಬಂದ್ರೆ ಚೆನ್ನಾಗಿರತ್ತಾ ಅಣ್ಣ? ಎಲ್ಲರೂ ಹೇಳೋ ಹಾಗೆ, 'ಬರ್ತೀನಿ ಸಾರ್' ಅಂದೆ."